ಇದು ಎಲ್ಲಿಂದ ಬಂತು? ಹಳೆಯ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರುವವರು ಮೊದಲೇ ಮಾಡಿಕೊಳ್ಳಬೇಕಾದ ಕೆಲಸ

ಕಳವಾದ ಫೋನು ಪತ್ತೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಮೂರು ನಾಲ್ಕು ಕೈ ದಾಟಿರುತ್ತದೆ. ದಾವಣಗೆರೆಯಲ್ಲಿ ಯಾರೋ ಅದಕ್ಕೆ ತಮ್ಮ ಸಿಮ್ ಹಾಕುತ್ತಾರೆ, ಬೆಂಗಳೂರಿನ ಯಾವುದೋ ಠಾಣೆಯಿಂದ ಅವರಿಗೆ ಕರೆ ಹೋಗುತ್ತದೆ. ಅವರು ಗಾಬರಿಯಲ್ಲಿ ನಿಮ್ಮ ಜಾಹೀರಾತು, ಚಾಟ್, ಯುಪಿಐ ರಸೀದಿ ಎಲ್ಲವನ್ನೂ ತೆಗೆದು ತೋರಿಸುತ್ತಾರೆ. ಮುಂದಿನ ಕರೆ ನಿಮಗೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: "ನಿಮಗೆ ಎಲ್ಲಿಂದ ಬಂತು?"

ಈ ಪ್ರಶ್ನೆಗೆ ಹೆಸರು, ದಿನಾಂಕ, ದುಡ್ಡು ಹೋದ ದಾರಿ ಸಮೇತ ಉತ್ತರ ಕೊಡಬಲ್ಲವರು ಬಹುತೇಕ ಸಾಕ್ಷಿಯಾಗಿ ಉಳಿಯುತ್ತಾರೆ. "ಯಾರೋ ಹುಡುಗ ತಂದುಕೊಟ್ಟ, ನಂಬರ್ ಈಗ ಸ್ವಿಚ್ ಆಫ್" ಎನ್ನುವವರ ಕಥೆ ಬೇರೆಯಾಗುತ್ತದೆ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಇಬೇ, ನಾಣ್ಯ-ಅಂಚೆಚೀಟಿಗಳ ವಾಟ್ಸ್ಆ್ಯಪ್ ಹರಾಜು ಗುಂಪು, ಯಾವುದರಲ್ಲಿ ಮಾರಿದರೂ ಲೆಕ್ಕ ಇದೇ. ಕೆಳಗಿರುವುದು ಆ ಉತ್ತರವನ್ನು ವಸ್ತು ಕೈಗೆ ಬಂದ ದಿನವೇ ತಯಾರು ಮಾಡಿಟ್ಟುಕೊಳ್ಳುವ ಕ್ರಮ.

ಕಾನೂನು ನೋಡುವುದು ಏನನ್ನು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕಳವು ಮಾಲಿಗೆ ಸಂಬಂಧಿಸಿದ್ದು. ಹಳೆಯ ಐಪಿಸಿ 411 ಎಂದರೆ ಹಲವರಿಗೆ ಬೇಗ ಗೊತ್ತಾಗುತ್ತದೆ. ಕಳವಿನದೆಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದು, ಅಪ್ರಾಮಾಣಿಕವಾಗಿ ಪಡೆದುಕೊಂಡರೆ ಇಲ್ಲವೇ ಇಟ್ಟುಕೊಂಡರೆ 3 ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಇದನ್ನೇ ಕಸುಬು ಮಾಡಿಕೊಂಡವರಿಗೆ ಜೀವಾವಧಿಯವರೆಗೂ ಹೋಗಬಹುದು. ಫೋನ್, ಲ್ಯಾಪ್‌ಟಾಪ್ ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಕಳವಿನ ಸಾಧನ ಪಡೆಯುವುದರ ಬಗ್ಗೆ ಇರುವ 66ಬಿ ಕಲಂ ಕೂಡ ಸೇರಿಕೊಳ್ಳಬಹುದು.

ಇಲ್ಲಿ ತೊಡಕು ಇರುವುದು "ನಂಬಲು ಕಾರಣವಿದ್ದು" ಎಂಬ ಮಾತಿನಲ್ಲಿ. ನಿಮಗೆ ನಿಜವಾಗಿಯೂ ಗೊತ್ತಿರಲಿಲ್ಲ ಎನ್ನಿ. ಆದರೆ 60 ಸಾವಿರದ ಫೋನನ್ನು ಡಬ್ಬಿ, ಬಿಲ್ಲು, ಚಾರ್ಜರ್ ಏನೂ ಇಲ್ಲದೆ 9 ಸಾವಿರ ನಗದಿಗೆ ಕೊಂಡಿದ್ದರೆ ಗೊತ್ತಾಗಬೇಕಿತ್ತು ಎಂದು ವಾದಿಸುವುದು ಸುಲಭ. ಅದರ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಂ ಇದೆ. ಕಳವಾದ ಸ್ವಲ್ಪ ಸಮಯದಲ್ಲೇ ಮಾಲು ಯಾರ ಬಳಿ ಸಿಗುತ್ತದೋ ಅವರು ಅದು ತಮ್ಮ ಕೈಗೆ ಬಂದ ಬಗೆಯನ್ನು ವಿವರಿಸಲಾಗದಿದ್ದರೆ, ಅವರೇ ಕದ್ದಿದ್ದಾರೆ ಇಲ್ಲವೇ ತಿಳಿದೇ ಕೊಂಡಿದ್ದಾರೆ ಎಂದು ನ್ಯಾಯಾಲಯ ಭಾವಿಸಬಹುದು. ಆ ವಿವರಣೆಯನ್ನು ಕಾಗದಕ್ಕೆ ಇಳಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ.

ತಾಣವೇ ಜಾಹೀರಾತನ್ನು ಒಪ್ಪಿಕೊಂಡಿತಲ್ಲ, ಅಂದಮೇಲೆ ಸರಿಯಿರಬೇಕು ಎಂಬ ಧೈರ್ಯ ಬೇಡ. 2004ರಲ್ಲಿ ಬಾಜಿ ಡಾಟ್ ಕಾಮ್ ಎಂಬ ಹರಾಜು ತಾಣದಲ್ಲಿ ಬಳಕೆದಾರನೊಬ್ಬ ಅಶ್ಲೀಲ ವಿಡಿಯೊ ಮಾರಾಟಕ್ಕಿಟ್ಟಾಗ ಅದರ ಮುಖ್ಯಸ್ಥರೇ ಬಂಧನಕ್ಕೊಳಗಾಗಿದ್ದರು. ಮುಂದೆ ಮಾಹಿತಿ ತಂತ್ರಜ್ಞಾನ ಕಾಯ್ದೆ ತಿದ್ದುಪಡಿಯಾಗಿ, ಎಚ್ಚರಿಕೆಯಿಂದ ನಡೆದುಕೊಳ್ಳುವ ತಾಣಗಳಿಗೆ 79ನೇ ಕಲಂನಲ್ಲಿ ವಿಸ್ತೃತ ರಕ್ಷಣೆ ಸಿಕ್ಕಿತು. ಆ ಕೊಡೆ ತಾಣದ ತಲೆಯ ಮೇಲಿದೆ, ಜಾಹೀರಾತು ಹಾಕಿದವರ ತಲೆಯ ಮೇಲಿಲ್ಲ.

ಕೊಳ್ಳುವಾಗಲೇ ಬರೆಸಿಕೊಳ್ಳಿ

ಮಾರಲೆಂದೇ ಹಳೆಯ ವಸ್ತು ಕೊಳ್ಳುವವರು ಒಂದು 200 ಪುಟದ ನೋಟ್‌ಬುಕ್ ಇಟ್ಟುಕೊಂಡರೆ ಸಾಕು. ಪ್ರತಿ ವಸ್ತುವಿಗೆ ಒಂದು ಪುಟ. ಮಾರುವವರಿಂದ ಬರೆಸಿಕೊಳ್ಳಬೇಕಾದ ರಸೀದಿ ಹೀಗಿರಲಿ:

"ಈ ದಿನ ______ರಂದು ______ ವಾಸಿಯಾದ ನಾನು ______, ನನಗೆ ಸೇರಿದ ______ ಕಂಪನಿಯ ______ ಮಾದರಿಯ ಫೋನನ್ನು (ಐಎಂಇಐ 1: ______, ಐಎಂಇಐ 2: ______) ______ ಅವರಿಗೆ ರೂ. ______ಕ್ಕೆ ಮಾರಿ, ಹಣವನ್ನು ನನ್ನ ಹೆಸರಿನ ಖಾತೆಗೆ ಪಡೆದಿರುತ್ತೇನೆ. ಇದನ್ನು ನಾನು ______ರಲ್ಲಿ ______ ಅಂಗಡಿಯಿಂದ ಕೊಂಡಿದ್ದು, ಇದರ ಮೇಲೆ ಯಾವುದೇ ಸಾಲ, ಕಂತು, ತಕರಾರು ಇರುವುದಿಲ್ಲ. ಮುಂದೆ ಇದು ಕಳವಿನ ಮಾಲೆಂದು ಕಂಡುಬಂದಲ್ಲಿ ಪೂರ್ತಿ ಹಣ ಹಿಂದಿರುಗಿಸಲು ಬದ್ಧನಾಗಿರುತ್ತೇನೆ."

ಐಎಂಇಐ ಎಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ನಡೆಯುತ್ತದೆ. ಅವರ ಕೈಬರಹದಲ್ಲೇ ಇದ್ದರೆ ಒಳ್ಳೆಯದು. "ಕೊಂಡ ಅಂಗಡಿ" ಎಂಬ ಜಾಗವನ್ನು ಖಾಲಿ ಬಿಡಲು ಕೊಡಬೇಡಿ. ಕದ್ದವರು ತಡವರಿಸುವುದು ಅಲ್ಲೇ. ಸ್ವಂತ ದುಡ್ಡಲ್ಲಿ ಕೊಂಡವರಿಗೆ ಯಾವ ಊರು, ಯಾವ ಹಬ್ಬದ ಆಫರ್, ಎಷ್ಟು ಕಂತು ಎಂಬುದು ಬಾಯಲ್ಲೇ ಇರುತ್ತದೆ.

ಗುರುತಿಗೆ ಡ್ರೈವಿಂಗ್ ಲೈಸೆನ್ಸ್ (ಡಿಎಲ್) ಅಥವಾ ಮಾಸ್ಕ್ ಮಾಡಿದ ಆಧಾರ್ ತೆಗೆದುಕೊಳ್ಳಿ. ಕೊನೆಯ ನಾಲ್ಕು ಅಂಕಿ ಕಾಣಿಸಿದರೆ ಸಾಕು. ಬೇರೆಯವರ ಪೂರ್ತಿ ಆಧಾರ್ ಪ್ರತಿ ಇಟ್ಟುಕೊಳ್ಳುವುದು ನಿಮಗೇ ಹೊರೆ. ಹಣ ಯುಪಿಐನಲ್ಲೇ ಹೋಗಲಿ, ಮತ್ತು ಸ್ಕ್ಯಾನ್ ಮಾಡಿದಾಗ ಪರದೆಯಲ್ಲಿ ಬರುವ ಹೆಸರು ಡಿಎಲ್‌ನಲ್ಲಿರುವ ಹೆಸರೇ ಆಗಿರಲಿ. "ನಮ್ಮ ಭಾವನ ನಂಬರಿಗೆ ಹಾಕಿಬಿಡಿ" ಎಂದರೆ ಆ ಭಾವನೂ ರಸೀದಿಯಲ್ಲಿ ಸಹಿ ಹಾಕಲಿ, ಇಲ್ಲವಾದರೆ ವ್ಯಾಪಾರ ಬೇಡ. ವಸ್ತುವನ್ನು ಅವರು ಕೈಯಲ್ಲಿ ಹಿಡಿದಿರುವಂತೆ ಒಂದು ಫೋಟೊ, ಸೀರಿಯಲ್ ಸಂಖ್ಯೆಯದು ಇನ್ನೊಂದು.

ಇಷ್ಟು ಕೇಳಿದರೆ ಗಿರಾಕಿ ಬೇಜಾರಾಗುತ್ತಾರೆ ಎನ್ನುವುದು ನಿಜ. ಬೇಜಾರಾಗಿ ಎದ್ದು ಹೋದವರಲ್ಲಿ ಒಂದಷ್ಟು ಮಂದಿ ಹೋಗಲೇಬೇಕಾದವರು.

ದಾಖಲೆ ಎಷ್ಟು ಕಾಲ ಇಡಬೇಕು? 3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಸಾಮಾನ್ಯವಾಗಿ 3 ವರ್ಷದ ಮಿತಿ ಇದೆ. ಮನೆಗಳ್ಳತನದಂಥ ದೊಡ್ಡ ಶಿಕ್ಷೆಯ ಅಪರಾಧಕ್ಕೆ ಆ ಮಿತಿ ಇಲ್ಲ. 5 ವರ್ಷ ಇಡಿ. ಚಾಟ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ, ಫೋನ್ ಬದಲಾದಾಗ ಮೊದಲು ಹೋಗುವುದು ವಾಟ್ಸ್ಆ್ಯಪ್ ಇತಿಹಾಸವೇ.

ಫೋನು

ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿ, ಹಾಗೆಯೇ ಪರೀಕ್ಷೆಗೆ ಅತಿ ಹೆಚ್ಚು ಅನುಕೂಲವಿರುವುದೂ ಇಲ್ಲೇ.

ಡಯಲ್ ಪ್ಯಾಡ್‌ನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ಬರುತ್ತದೆ, ಎರಡು ಸಿಮ್‌ನ ಫೋನಾದರೆ ಎರಡು. ಇದನ್ನು ಡಬ್ಬಿಯ ಮೇಲಿನ ಸ್ಟಿಕ್ಕರ್, ಬಿಲ್ಲು, ಕೆಲವು ಮಾದರಿಗಳಲ್ಲಿ ಸಿಮ್ ಟ್ರೇ ಮೇಲೆ ಕೆತ್ತಿದ ಸಂಖ್ಯೆ, ಇವುಗಳೊಂದಿಗೆ ಅಂಕಿ ಅಂಕಿ ಹೋಲಿಸಿ. ಕೊನೆಯ ನಾಲ್ಕು ಮಾತ್ರ ನೋಡುವವರು ಮೋಸ ಹೋಗುತ್ತಾರೆ. ಡಬ್ಬಿ ಒಂದು ಫೋನಿನದು, ಫೋನು ಇನ್ನೊಂದು ಎಂಬುದು ತೀರಾ ಸಾಮಾನ್ಯ.

ನಂತರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲೋ ಆ್ಯಪ್‌ನಲ್ಲೋ "ನೋ ಯುವರ್ ಮೊಬೈಲ್" ವಿಭಾಗಕ್ಕೆ ಹೋಗಿ ಆ ಸಂಖ್ಯೆ ಹಾಕಿ. ಇಂಟರ್ನೆಟ್ ಇಲ್ಲದ ಕಡೆ ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಬಹುದು. ಬ್ಲ್ಯಾಕ್‌ಲಿಸ್ಟೆಡ್, ಡೂಪ್ಲಿಕೇಟ್, ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಕೊಳ್ಳಬೇಡಿ. "ವ್ಯಾಲಿಡ್" ಎಂದು ಬಂದರೂ ಕೆಳಗೆ ಬರುವ ಕಂಪನಿ, ಮಾದರಿಯ ಹೆಸರನ್ನು ಓದಿ. ಕೈಯಲ್ಲಿರುವುದು ಒಂದು ಕಂಪನಿಯ ಫೋನು, ಪರದೆಯಲ್ಲಿ ಬಂದದ್ದು ಇನ್ನೊಂದು ಕಂಪನಿಯ ಹೆಸರು ಎಂದಾದರೆ ಐಎಂಇಐ ತಿದ್ದಿದ್ದಾರೆ ಎಂದರ್ಥ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದು ತಾನೇ ಒಂದು ಅಪರಾಧ, 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಈ ಪರೀಕ್ಷೆಗೂ ಒಂದು ಕೊರತೆ ಇದೆ. ಫೋನು ಕಳೆದುಕೊಂಡವರು ಮೊದಲು ಹುಡುಕುತ್ತಾರೆ, ಆಮೇಲೆ ಡೂಪ್ಲಿಕೇಟ್ ಸಿಮ್ ತೆಗೆಸುತ್ತಾರೆ, ಠಾಣೆಗೆ ದೂರು ಕೊಟ್ಟು ಅದರ ಪ್ರತಿ ಹಿಡಿದು ಐಎಂಇಐಗಳ ಸರ್ಕಾರಿ ದಾಖಲೆ ವ್ಯವಸ್ಥೆಯಾದ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸುತ್ತಾರೆ. ಇಷ್ಟಕ್ಕೆ ಕೆಲವೊಮ್ಮೆ ವಾರವೇ ಹಿಡಿಯುತ್ತದೆ. ಹಾಗಾಗಿ ಮಂಗಳವಾರ ಶುದ್ಧವಾಗಿ ಕಂಡ ಫೋನು ಮುಂದಿನ ಸೋಮವಾರ ಕಪ್ಪುಪಟ್ಟಿಯಲ್ಲಿರಬಹುದು. ಕೊಂಡ ಫೋನನ್ನು ಹದಿನೈದು ದಿನ ಹಾಗೆಯೇ ಇಟ್ಟು, ಜಾಹೀರಾತು ಹಾಕುವ ದಿನ ಒಮ್ಮೆ, ಗಿರಾಕಿಗೆ ಕೊಡುವ ದಿನ ಇನ್ನೊಮ್ಮೆ ಪರೀಕ್ಷಿಸಿ, ಮೂರೂ ಸಲದ ಸ್ಕ್ರೀನ್‌ಶಾಟನ್ನು ದಿನಾಂಕ ಕಾಣುವಂತೆ ತೆಗೆದಿಡಿ. ಮುಂದೆ ಯಾರಾದರೂ ಕೇಳಿದರೆ ನೀವು ಕಣ್ಣುಮುಚ್ಚಿ ಕೊಂಡವರಲ್ಲ ಎಂಬುದಕ್ಕೆ ಆ ಮೂರು ಚಿತ್ರಗಳೇ ಸಾಕ್ಷಿ.

ಇನ್ನು ಲಾಕ್. ಐಫೋನಾದರೆ "ಫೈಂಡ್ ಮೈ" ಅನ್ನು ಮಾರುವವರು ತಮ್ಮ ಪಾಸ್‌ವರ್ಡ್ ಹಾಕಿ ನಿಮ್ಮೆದುರೇ ಆಫ್ ಮಾಡಬೇಕು. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಿಂದ ಗೂಗಲ್ ಖಾತೆ ತೆಗೆದು, ಆಮೇಲೆ ರೀಸೆಟ್. ಬಟನ್ ಒತ್ತಿ ಹಿಂಬಾಗಿಲಿನಿಂದ ರೀಸೆಟ್ ಮಾಡಿದ ಫೋನು ಮತ್ತೆ ಹಳೆಯ ಖಾತೆಯನ್ನೇ ಕೇಳುತ್ತದೆ. "ಪಾಸ್‌ವರ್ಡ್ ಮರೆತಿದೆ, ಅಂಗಡಿಯಲ್ಲಿ ಲಾಕ್ ತೆಗೆಸಿಕೊಳ್ಳಿ, ಅದಕ್ಕೇ ಸಾವಿರ ಕಡಿಮೆ ಮಾಡುತ್ತೇನೆ" ಎನ್ನುವವರನ್ನು ಅಲ್ಲಿಗೇ ಬಿಡಿ. ಕಂತಿನ ಮೇಲೆ ಕೊಂಡ ಫೋನಿಗೆ ಸಾಲ ಕೊಟ್ಟವರ ಲಾಕ್ ಆ್ಯಪ್ ಇರಬಹುದು. ಹಾಗಿದ್ದರೆ ಕಂತು ತಪ್ಪಿದ ಮೇಲೆ ಫೋನು ಕಲ್ಲಾಗುತ್ತದೆ, ಬೈಗುಳ ನಿಮಗೆ. ಸಾಲ ತೀರಿದ ಪತ್ರ ಕೇಳಿ.

ಲ್ಯಾಪ್‌ಟಾಪು, ವಾಹನ, ಬಿಡಿಭಾಗ

ಬೆಂಗಳೂರಿನ ಹಳೆಯ ಲ್ಯಾಪ್‌ಟಾಪುಗಳಲ್ಲಿ ದೊಡ್ಡ ಪಾಲು ಕಂಪನಿಗಳದ್ದು. ಕಂಪನಿಯೇ ವಿಲೇವಾರಿ ಮಾಡಿದ್ದಾದರೆ ತೊಂದರೆಯಿಲ್ಲ. ಕೆಲಸ ಬಿಟ್ಟವರು ಹಿಂದಿರುಗಿಸದೆ ಮಾರಿದ್ದು, ಪಿಜಿಯಿಂದ ಎತ್ತಿಕೊಂಡು ಹೋದದ್ದು ನೋಡಲು ಅದರಂತೆಯೇ ಇರುತ್ತವೆ. ವ್ಯತ್ಯಾಸ ತಿಳಿಯುವ ಬಗೆ ಒಂದೇ. ಮಾರುವವರ ಎದುರೇ ಪೂರ್ತಿ ರೀಸೆಟ್ ಮಾಡಿ, ಹೊಸ ಯಂತ್ರದಂತೆ ಸೆಟಪ್ ಶುರು ಮಾಡಿ, ಮತ್ತು ಆ ಹಂತದಲ್ಲಿ ವೈಫೈ ಜೋಡಿಸಿ. ಕಂಪನಿಯ ನಿಯಂತ್ರಣದಲ್ಲಿರುವ ವಿಂಡೋಸ್ ಯಂತ್ರ ಇಂಟರ್ನೆಟ್ ಸಿಕ್ಕ ಕೂಡಲೇ ಕಂಪನಿಯ ಹೆಸರು ತೋರಿಸಿ ಅಲ್ಲಿನ ಲಾಗಿನ್ ಕೇಳುತ್ತದೆ, ಮ್ಯಾಕ್ ಆದರೆ "ರಿಮೋಟ್ ಮ್ಯಾನೇಜ್‌ಮೆಂಟ್" ಎಂಬ ಪರದೆ ಬರುತ್ತದೆ. ಇಂಟರ್ನೆಟ್ ಜೋಡಿಸದೆ ವಿಂಡೋಸ್ ಹಾಕಿಕೊಟ್ಟರೆ ಇದು ಅಡಗಿಕೊಳ್ಳುತ್ತದೆ, ನಿಮ್ಮ ಗಿರಾಕಿ ಆರು ತಿಂಗಳ ಮೇಲೆ ರೀಸೆಟ್ ಮಾಡಿದಾಗ ಎದ್ದು ಬರುತ್ತದೆ.

ಯಂತ್ರ ತಿರುಗಿಸಿ ಅಡಿಭಾಗ ನೋಡಿ. ಆಸ್ತಿ ಸಂಖ್ಯೆಯ ಚೀಟಿ ಕೆರೆದು ತೆಗೆದ ಅಂಟಿನ ಚೌಕ ಬೆರಳಿಗೆ ಹತ್ತುತ್ತದೆಯೇ? ಬಯೋಸ್ ಪರದೆಯಲ್ಲಿ (ಯಂತ್ರ ಶುರುವಾಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್ಸ್) ಇರುವ ಸೀರಿಯಲ್ ಸಂಖ್ಯೆ ಅಡಿಯಲ್ಲಿ ಮುದ್ರಿಸಿದ ಸಂಖ್ಯೆಗೆ ಹೊಂದುತ್ತದೆಯೇ? ಬಯೋಸ್‌ನಲ್ಲಿ ಸಂಖ್ಯೆಯೇ ಖಾಲಿಯಾಗಿದ್ದರೆ ಬೋರ್ಡ್ ಬದಲಾಗಿದೆ, ಇಲ್ಲವೇ ಅಳಿಸಿದ್ದಾರೆ. ಲಾಟ್‌ನಲ್ಲಿ ಹತ್ತಿಪ್ಪತ್ತು ಕೊಳ್ಳುವವರು ಇನ್‌ವಾಯ್ಸ್‌ನಲ್ಲಿ ಪ್ರತಿ ಯಂತ್ರದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಬೇಕು. "ಹಳೆಯ ಲ್ಯಾಪ್‌ಟಾಪ್, 20 ನಗ" ಎಂದಷ್ಟೇ ಇರುವ ಬಿಲ್ಲು ಯಾವ ಯಂತ್ರದ ಪರವಾಗಿಯೂ ಮಾತಾಡುವುದಿಲ್ಲ.

ಬೈಕು, ಕಾರಿಗೆ ಆರ್‌ಸಿ ನೋಡಿದರೆ ಸಾಲದು, ಚಾಸಿ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು ಹೋಲಿಸಿ. ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ಸಾಲದ ನಮೂದು ಇದ್ದರೆ, ಅದನ್ನು ತೆಗೆಸುವ ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30, ಬೇರೆ ರಾಜ್ಯಕ್ಕಾದರೆ ನಿರಾಕ್ಷೇಪಣೆಗೆ (ಎನ್‌ಒಸಿ) ಫಾರಂ 28. ಖಾಲಿ 29-30ಕ್ಕೆ ಸಹಿ ಹಾಕಿಸಿಕೊಂಡು ಕೈಯಿಂದ ಕೈಗೆ ದಾಟಿಸುವ ಪದ್ಧತಿ ಈಗಲೂ ಇದೆ, ಅದರ ನಡುವೆ ನೀವು ಸಿಕ್ಕಿಕೊಳ್ಳಬೇಡಿ. ಇದನ್ನೇ ವ್ಯಾಪಾರವಾಗಿ ಮಾಡುವವರಿಗೆ 2023ರ ಏಪ್ರಿಲ್‌ನಿಂದ ಸಾರಿಗೆ ಇಲಾಖೆಯ ಅಧಿಕಾರಪತ್ರದ ವ್ಯವಸ್ಥೆ ಬಂದಿದೆ. ಸೈಕಲ್ಲಾದರೆ ಪೆಡಲ್ ಅಚ್ಚಿನ ಕೆಳಗೆ ಚೌಕಟ್ಟಿನಲ್ಲಿ ಒತ್ತಿದ ಸಂಖ್ಯೆ ಇರುತ್ತದೆ. ಅಲ್ಲಿ ಹೊಸ ಬಣ್ಣ ಬಳಿದಿದ್ದರೆ ಅಷ್ಟೇ ಸಾಕು, ಮುಂದೆ ನೋಡಬೇಕಿಲ್ಲ.

ಕಾರಿನ ಬಿಡಿ ಸೈಲೆನ್ಸರ್, ಪಂಪ್‌ಸೆಟ್‌ನ ತಾಮ್ರದ ಕೇಬಲ್, ಮೊಬೈಲ್ ಟವರಿನ ಬ್ಯಾಟರಿ: ಇವು ಮೂರೂ ಬಿಲ್ಲಿಲ್ಲದೆ ಬಂದರೆ ಮುಟ್ಟಬೇಡಿ. ಸೈಲೆನ್ಸರ್ ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಪ್ಲಾಟಿನಂ ಗುಂಪಿನ ಲೋಹಗಳಿವೆ, ಕಳ್ಳರ ಕಣ್ಣು ಅದರ ಮೇಲೆಯೇ.

ಇನ್ನೊಬ್ಬರ ಮಾಲು, ನಿಮ್ಮ ಖಾತೆ

"ನಿಮ್ಮ ಖಾತೆಗೆ ಒಳ್ಳೆಯ ರೇಟಿಂಗ್ ಇದೆ, ನಮ್ಮ ಐಟಂ ಹಾಕಿಕೊಡಿ, ನೂರಕ್ಕೆ ಹತ್ತು ನಿಮಗೆ." ಕೆಲಸ ಹುಡುಕುವ ಹುಡುಗರಿಗೆ ಟೆಲಿಗ್ರಾಂನಲ್ಲಿ ಬರುವ ಈ ಮಾತಿನ ಹಿಂದಿನ ಲೆಕ್ಕ ಹೀಗೆ. ನೀವು ಹೊಚ್ಚಹೊಸ ಹೆಡ್‌ಫೋನನ್ನು ಶೇ 30 ಕಡಿಮೆಗೆ ಹಾಕುತ್ತೀರಿ. ಗಿರಾಕಿ ನಿಮಗೆ ಹಣ ಕೊಡುತ್ತಾನೆ, ನೀವು ನಿಮ್ಮ ಹತ್ತು ಭಾಗ ಹಿಡಿದು ಉಳಿದದ್ದನ್ನು "ಸಪ್ಲೈಯರ್"ಗೆ ಕಳಿಸುತ್ತೀರಿ. ಅವನು ಯಾರದೋ ಕದ್ದ ಕಾರ್ಡ್ ವಿವರ ಬಳಸಿ ಒಂದು ನಿಜವಾದ ಅಂಗಡಿಯಿಂದ ಆ ಹೆಡ್‌ಫೋನು ಕೊಂಡು ನೇರವಾಗಿ ಗಿರಾಕಿಯ ವಿಳಾಸಕ್ಕೆ ತಲುಪಿಸುತ್ತಾನೆ. ಗಿರಾಕಿಗೆ ಖುಷಿ, ನಿಮಗೂ ಖುಷಿ. ಕಾರ್ಡಿನ ಯಜಮಾನ ದೂರು ಕೊಟ್ಟಾಗ ಅಂಗಡಿಯವರಲ್ಲಿ ಇರುವುದು ಗಿರಾಕಿಯ ವಿಳಾಸ, ಗಿರಾಕಿಯಲ್ಲಿ ಇರುವುದು ನಿಮ್ಮ ಹೆಸರು. ಸಪ್ಲೈಯರ್‌ಗೆ ಹೆಸರೇ ಇಲ್ಲ.

ಇದರ ಗುರುತುಗಳು ಮೂರು. ನೀವು ಮಾಲನ್ನು ಒಮ್ಮೆಯೂ ಕಣ್ಣಾರೆ ನೋಡಿರುವುದಿಲ್ಲ. ಮಾರಾಟವಾದ ಮೇಲಷ್ಟೇ ಸಪ್ಲೈಯರ್ ಗಿರಾಕಿಯ ವಿಳಾಸ ಕೇಳುತ್ತಾನೆ. ಪೆಟ್ಟಿಗೆಯೊಳಗಿನ ಬಿಲ್ಲಿನಲ್ಲಿ ಬೇರೆ ಅಂಗಡಿಯ, ಬೇರೆ ವ್ಯಕ್ತಿಯ ಹೆಸರಿರುತ್ತದೆ. ಒಂದು ಕಂಡರೂ ನಿಲ್ಲಿಸಿ. ನಿಮ್ಮ ಖಾತೆಯನ್ನು ಬಾಡಿಗೆಗೆ ಕೊಡುವುದಂತೂ ನಿಮ್ಮ ಸಹಿಯ ಖಾಲಿ ಚೆಕ್ ಕೊಟ್ಟಂತೆ.

ಇದೇ ಜಾತಿಯ ಇನ್ನೊಂದು ಪೇಚು ಹಣದ ಕಡೆಯಿಂದ ಬರುತ್ತದೆ. ವಸ್ತು ನಿಮ್ಮದೇ, ಬಿಲ್ಲೂ ಇದೆ, ಆದರೆ ಕೊಂಡವನು ಸೈಬರ್ ವಂಚನೆಯ ಹಣದಿಂದ ಪಾವತಿಸಿದ್ದಾನೆ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಹಣ ಹೋದ ಜಾಡಿನಲ್ಲಿರುವ ಖಾತೆಗಳಿಗೆಲ್ಲ ತಡೆ ಬೀಳುತ್ತದೆ, ನಿಮ್ಮದಕ್ಕೂ. ಕೊಳ್ಳುವವರ ಹೆಸರಿನ ಖಾತೆಯಿಂದಲೇ ಹಣ ಬರಲಿ, ಮೂರನೆಯವರ ಖಾತೆಯಿಂದ ಬಂದರೆ ಅದನ್ನು ವಾಪಸ್ ಕಳಿಸಿ, ಅವರದೇ ಖಾತೆಯಿಂದ ಬರುವವರೆಗೆ ಮಾಲು ಕೊಡಬೇಡಿ. ತಡೆ ಬಿದ್ದೇ ಬಿಟ್ಟರೆ ಬ್ಯಾಂಕಿನಿಂದ ದೂರಿನ ಸ್ವೀಕೃತಿ ಸಂಖ್ಯೆ ಮತ್ತು ಯಾವ ಠಾಣೆ ಎಂಬುದನ್ನು ಬರವಣಿಗೆಯಲ್ಲಿ ಪಡೆದು, ಮಾರಾಟದ ಚಾಟ್, ಬಿಲ್ಲು, ಕೊರಿಯರ್ ರಸೀದಿ ಸಮೇತ ಆ ತನಿಖಾಧಿಕಾರಿಗೆ ಇಮೇಲ್ ಮಾಡಿ.

ಅಜ್ಜಿಯ ಪೆಟ್ಟಿಗೆಯಲ್ಲಿರುವುದು

ಇಲ್ಲಿಯವರೆಗೆ ಹೇಳಿದ್ದು ವಸ್ತು ಸರಿಯಿದ್ದು, ಅದು ಬಂದ ದಾರಿ ತಪ್ಪಾಗಿರುವ ಪ್ರಸಂಗ. ಇನ್ನು ಕೆಲವು ವಸ್ತುಗಳ ಮಾರಾಟವೇ ನಿಷಿದ್ಧ, ತಲೆಮಾರುಗಳಿಂದ ಮನೆಯಲ್ಲೇ ಇದ್ದರೂ. ವನ್ಯಜೀವಿ ಕಾಯ್ದೆಯ 57ನೇ ಕಲಂ ಪ್ರಕಾರ ಪ್ರಾಣಿಯ ಅಂಗಾಂಗವೋ ಅದರಿಂದ ಮಾಡಿದ ವಸ್ತುವೋ ನಿಮ್ಮ ಬಳಿ ಸಿಕ್ಕರೆ ಅದು ಅಕ್ರಮವೆಂದೇ ಮೊದಲು ಭಾವಿಸಲಾಗುತ್ತದೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದು. ಕಳವು ಮಾಲಿನಲ್ಲಿ ನಡೆಯುವ "ಗೊತ್ತಿರಲಿಲ್ಲ ಸ್ವಾಮಿ" ಇಲ್ಲಿ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಮೊದಲ ಅನುಸೂಚಿಯ ಪ್ರಾಣಿಗಾದರೆ ಶಿಕ್ಷೆ 3ರಿಂದ 7 ವರ್ಷ, ದಂಡ ಕನಿಷ್ಠ 25 ಸಾವಿರ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಲಾಕೆಟ್ ರಾಜ್ಯದಲ್ಲಿ ಎಬ್ಬಿಸಿದ ಗದ್ದಲ ನೆನಪಿರಬಹುದು. ಅಲ್ಲಿ ಯಾರೂ ಮಾರುತ್ತಿರಲಿಲ್ಲ, ಕೊರಳಲ್ಲಿ ಹಾಕಿಕೊಂಡಿದ್ದರು ಅಷ್ಟೇ.

ದಂತದ ಕುಂಕುಮ ಭರಣಿ, ಆನೆ ಬಾಲದ ಕೂದಲಿನ ಉಂಗುರ, ಗೋಡೆಗೆ ಹೊಡೆದ ಕಡವೆ ಕೊಂಬು, ಪೂಜೆಗೆ ಹಾಸುವ ಜಿಂಕೆ ಚರ್ಮ, ಪುನುಗು, ಮುಂಗುಸಿ ಕೂದಲಿನ ಚಿತ್ರಕಲೆ ಬ್ರಷ್, ಇವು ಯಾವುದನ್ನೂ ಜಾಹೀರಾತಿಗೆ ಹಾಕಬೇಡಿ. ಹಿರಿಯರ ಹೆಸರಿನಲ್ಲಿ ಒಡೆತನದ ಪ್ರಮಾಣಪತ್ರ ಇದ್ದರೂ ಅದು ಇಟ್ಟುಕೊಳ್ಳಲು, ಮಾರಲು ಅಲ್ಲ. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಇದೆ, ಹೊರದೇಶಕ್ಕೆ ಕಳಿಸುವಂತಿಲ್ಲ. ಜೀವಂತ ಪ್ರಾಣಿಗಳಲ್ಲಿ ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆ, "ಎರಡು ತಲೆ ಹಾವು" ಎಂದು ಲಕ್ಷಗಟ್ಟಲೆ ಬೆಲೆ ಕಟ್ಟುವ ಮಣ್ಣುಮುಕ್ಕ ಹಾವು, ಎಲ್ಲವೂ ನಿಷಿದ್ಧ.

ಗೊತ್ತಿಲ್ಲದೆ ಸಿಕ್ಕಿಬೀಳುವುದಕ್ಕೆ ಒಳ್ಳೆಯ ಉದಾಹರಣೆ ಬೇಕೆಂದರೆ ಪೂಜಾ ಸಾಮಗ್ರಿ ವಿಭಾಗ ನೋಡಬೇಕು. "ಹತ್ತಾ ಜೋಡಿ" ಎಂದು ಕೆಂಪು ಬಟ್ಟೆಯಲ್ಲಿ ಸುತ್ತಿ ಮಾರುವುದುಂಟು. ಎರಡು ಕೈ ಮುಗಿದಂತೆ ಕಾಣುವ ಒಣ ಬೇರು, ಧನಲಕ್ಷ್ಮಿಗೆ ಪ್ರಿಯ ಎಂಬ ವಿವರಣೆ. ಅದು ಬೇರಲ್ಲ, ಗಂಡು ಉಡದ ಒಣಗಿಸಿದ ಜನನಾಂಗ. ವಿದೇಶಿ ಹರಾಜು ತಾಣಗಳಲ್ಲೂ ಇದು ಸಸ್ಯವೆಂದೇ ಮಾರಾಟವಾಗುತ್ತಿದ್ದುದನ್ನು 2017ರಲ್ಲಿ ವನ್ಯಜೀವಿ ಸಂಶೋಧಕರು ಬಯಲು ಮಾಡಿದರು. ವಾಸ್ತುದೋಷಕ್ಕೆಂದು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ "ಇಂದ್ರಜಾಲ" ಕೂಡ ಗಿಡವಲ್ಲ, ಸಮುದ್ರದ ಹವಳದ ಜಾತಿಯ ಜೀವಿ, ಅದೂ ರಕ್ಷಿತ. "ನರಿ ಕೊಂಬು" ಎಂಬುದಂತೂ ಇಲ್ಲವೇ ಇಲ್ಲದ ವಸ್ತು, ನರಿಗೆ ಕೊಂಬಿಲ್ಲ. ಸಗಟು ಅಂಗಡಿಯವರು ಪಟ್ಟಿಯಲ್ಲಿ "ಗಿಡಮೂಲಿಕೆ" ಎಂದು ಬರೆದಿದ್ದಾರೆ ಎಂಬುದರಿಂದ ನಿಮಗೆ ರಕ್ಷಣೆ ಸಿಗುವುದಿಲ್ಲ. ನಕಲಿ ಎಂದು ನೀವು ಹೇಳಿದರೂ ವಸ್ತು ಮುಟ್ಟುಗೋಲಾಗಿ ಪರೀಕ್ಷೆಗೆ ಹೋಗುತ್ತದೆ, ವರದಿ ಬರುವವರೆಗೆ ನೀವು ಓಡಾಡಬೇಕು.

ಹಳೆಯ ವಿಗ್ರಹ, ನಾಣ್ಯಗಳ ಮೇಲೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. 100 ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯ, ಕುಶಲ ವಸ್ತುಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಇದರಡಿ ಬರುತ್ತವೆ. ಗಡಿಯಾರ ನಿಂತಿಲ್ಲ ಎಂಬುದನ್ನು ಗಮನಿಸಿ: ಐದನೇ ಜಾರ್ಜ್ ದೊರೆಯ ಮುಖವಿರುವ 1925ರ ಕಾಸು 2025ರಲ್ಲಿ ಪಟ್ಟಿಗೆ ಸೇರಿಕೊಂಡಿತು. ದೇಶದೊಳಗೆ ಇವನ್ನು ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು, ವಿದೇಶಕ್ಕೆ ಖಾಸಗಿಯವರು ಕಳಿಸುವುದು ಅಪರಾಧ, ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ. ಇಬೇಯಲ್ಲಿ ಅಮೆರಿಕದ ಗಿರಾಕಿ ವಿಜಯನಗರದ ವರಹಕ್ಕೆ ಒಳ್ಳೆಯ ಬೆಲೆ ಕೂಗಿದ ಎಂದು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರೆ ಸಿಕ್ಕಿಬೀಳುವುದು ಹೀಗೆ. ವಿಗ್ರಹ ಹೊಸದೆಂದು ನಿಮಗೆ ಖಾತ್ರಿಯಿದ್ದರೂ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದೇ ಹೊರದೇಶಕ್ಕೆ ಕಳಿಸಿ. ಇಲಾಖೆಯ ವೃತ್ತ ಕಚೇರಿಗಳು ಬೆಂಗಳೂರು, ಧಾರವಾಡ, ಹಂಪಿಯಲ್ಲಿವೆ. ಪಾಯ ತೋಡುವಾಗ ಸಿಕ್ಕ ಗಡಿಗೆಯ ನಾಣ್ಯ ಬೇರೆಯೇ ವಿಚಾರ. ಅದು ನಿಧಿ, ಮೊದಲು ತಿಳಿಸಬೇಕಾದದ್ದು ಜಿಲ್ಲಾಧಿಕಾರಿಗೆ. ದೇವಸ್ಥಾನದ ವಿಗ್ರಹವೆಂಬ ಸಣ್ಣ ಅನುಮಾನ ಬಂದರೂ, ಅಂದರೆ ಪೀಠದಿಂದ ಕಿತ್ತ ಗುರುತು, ಒಣಗಿದ ಎಣ್ಣೆ-ಗಂಧ, ಕೆಳಗೆ ಊರಿನ ಹೆಸರು ಕಂಡರೂ, ಕೈಹಾಕಬೇಡಿ.

ಉಳಿದವು ಬೇಗ: ಇ-ಸಿಗರೇಟು 2019ರಿಂದ ನಿಷಿದ್ಧ. ವಿದೇಶದಿಂದ ಬಂದವರು ತಂದ ಉಪಗ್ರಹ ಫೋನು, ಚಾರಣಿಗರ ಉಪಗ್ರಹ ಸಂದೇಶ ಸಾಧನಕ್ಕೆ ಅನುಮತಿ ಬೇಕು. ಉಳಿದ ಇನ್ಸುಲಿನ್, ಮಾತ್ರೆಗಳನ್ನು ಪರವಾನಗಿಯಿಲ್ಲದೆ ಮಾರುವಂತಿಲ್ಲ. ಸ್ಕಾಚ್ ಬಾಟಲಿ ಅಬಕಾರಿಯವರ ವ್ಯಾಪ್ತಿ. ಗಂಧದ ಕೊರಡಿಗೆ ಅರಣ್ಯ ಇಲಾಖೆಯ ಕಾಗದ ಬೇಕು. ಕೊಡಗಿನವರಿಗೆ ಬಂದೂಕು ಇಟ್ಟುಕೊಳ್ಳಲು ಇರುವ ವಿನಾಯಿತಿ ಆನ್‌ಲೈನ್ ಮಾರಾಟಕ್ಕೆ ಅನ್ವಯಿಸದು.

ಠಾಣೆಯಿಂದ ಕರೆ ಬಂದರೆ

ಮೊದಲು, ಕರೆ ಮಾಡಿದವರು ಪೊಲೀಸರೇ ಎಂದು ಖಚಿತಪಡಿಸಿಕೊಳ್ಳಿ. ಠಾಣೆಯ ಹೆಸರು, ಕ್ರೈಂ ನಂಬರು ಕೇಳಿ ಕರೆ ಮುಗಿಸಿ, ಇಲಾಖೆಯ ತಾಣದಲ್ಲಿರುವ ಠಾಣೆಯ ನಂಬರಿಗೆ ನೀವೇ ಕರೆ ಮಾಡಿ. ವಿಡಿಯೊ ಕಾಲ್‌ನಲ್ಲಿ ಕೂರಿಸಿ "ಡಿಜಿಟಲ್ ಅರೆಸ್ಟ್" ಎನ್ನುವವರು, ಕೇಸು ಮುಚ್ಚಲು ಹಣ ಹಾಕಿ ಎನ್ನುವವರು ಕಳ್ಳರು, ಅಂಥ ಬಂಧನ ಕಾನೂನಿನಲ್ಲಿಲ್ಲ.

ನಿಜವಾದ ಕರೆಯಾದರೆ ಲಿಖಿತ ನೋಟಿಸ್ ಕೊಡುವಂತೆ ವಿನಯದಿಂದ ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 179ನೇ ಕಲಂನ ನೋಟಿಸಾದರೆ ನೀವು ಸಾಕ್ಷಿ. 35(3)ರದ್ದಾದರೆ ಆರೋಪಿಯಾಗಿ ನೋಡುತ್ತಿದ್ದಾರೆ, ವಕೀಲರ ಜೊತೆ ಮಾತಾಡಿಯೇ ಹೋಗಿ, ಆದರೆ ಹೋಗದೆ ಇರಬೇಡಿ, ನೋಟಿಸ್ ಮೀರಿದರೆ ಬಂಧನಕ್ಕೆ ದಾರಿಯಾಗುತ್ತದೆ. ಸಾಕ್ಷಿಯಾದ ಮಹಿಳೆಯರು, 60 ದಾಟಿದವರು ಮನೆಯಲ್ಲೇ ವಿಚಾರಿಸುವಂತೆ ಕೇಳಬಹುದು. ರಸೀದಿ, ಸ್ಕ್ರೀನ್‌ಶಾಟ್, ಯುಪಿಐ ವಿವರಗಳ ನಕಲು ಒಯ್ಯಿರಿ, ಮೂಲ ಕೊಟ್ಟರೆ ಸ್ವೀಕೃತಿ ಪಡೆಯಿರಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನೀವು ಸಹಿ ಹಾಕಬೇಕಿಲ್ಲ. ವಸ್ತು ವಶಪಡಿಸಿಕೊಂಡರೆ ಮಹಜರು ಆಗಲೇಬೇಕು, ಅದನ್ನು ಓದಿಯೇ ಸಹಿ ಹಾಕಿ ಪ್ರತಿ ಕೇಳಿ. ಸೀರಿಯಲ್ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ನೋಡಿ.

ಜನ ಗಾಬರಿಯಲ್ಲಿ ಮಾಡುವ ತಪ್ಪು ಎರಡು. ಜಾಹೀರಾತು, ಚಾಟ್ ಅಳಿಸುವುದು ಒಂದು. ಅದು ನಿಮ್ಮ ಪರವಾದ ಸಾಕ್ಷ್ಯವನ್ನೇ ಸುಟ್ಟಂತೆ, ಮೇಲೆ ಸಾಕ್ಷ್ಯನಾಶದ ಆರೋಪ. ಇನ್ನೊಂದು, ಅನುಮಾನ ಬಂದ ಕೂಡಲೇ ವಸ್ತುವನ್ನು ಕೊಟ್ಟವನಿಗೇ ವಾಪಸ್ ಕೊಟ್ಟು ಹಣ ತೆಗೆದುಕೊಳ್ಳುವುದು. ಕಳವು ಮಾಲು ಸಾಗಿಸಲು ನೆರವಾದಂತೆ ಅದು ಕಾಣಬಹುದು. ಅನುಮಾನ ಬಂದ ವಸ್ತುವನ್ನು ಬಳಸದೆ, ಮಾರದೆ, ಒಂದು ಪತ್ರದೊಂದಿಗೆ ಠಾಣೆಗೆ ಒಪ್ಪಿಸಿ ಹಿಂಬರಹ ಪಡೆಯಿರಿ. ಪ್ರಾಣಿಜನ್ಯ ವಸ್ತುವಾದರೆ ವಲಯ ಅರಣ್ಯಾಧಿಕಾರಿಗೆ, ವಕೀಲರ ಮೂಲಕ.

ಹಣದ ವಿಷಯದಲ್ಲಿ ಕಹಿ ಮಾತು ಹೇಳಲೇಬೇಕು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಒಡೆಯನಲ್ಲದವನು ಮಾರಿದ್ದರಿಂದ ಒಡೆತನ ದಾಟುವುದಿಲ್ಲ. ವಸ್ತು ಮೂಲ ಯಜಮಾನರಿಗೆ ಹೋಗುತ್ತದೆ, ನಿಮ್ಮ ಗಿರಾಕಿ ಪೂರ್ತಿ ಹಣ ವಾಪಸ್ ಕೇಳಿದರೆ ನೀವು ಕೊಡಬೇಕು, ನಿಮ್ಮದು ಶುದ್ಧ ಮನಸ್ಸಾಗಿದ್ದರೂ. ಬೇಗ ಕೊಟ್ಟು ಬ್ಯಾಂಕ್ ಮೂಲಕ ಕೊಟ್ಟ ದಾಖಲೆ ಇಡಿ, ಗಿರಾಕಿ ವೈರಿಯಾಗುವುದು ತಪ್ಪುತ್ತದೆ. ನೀವು ವಸೂಲು ಮಾಡಬೇಕಾದದ್ದು ನಿಮಗೆ ಮಾರಿದವನಿಂದ, ರಸೀದಿಯ ಕೊನೆಯ ಸಾಲು ಇರುವುದು ಅದಕ್ಕೇ. ಅವನಿಗೆ ಶಿಕ್ಷೆಯಾಗಿ, ಬಂಧನದ ವೇಳೆ ಅವನಿಂದ ಹಣ ವಶವಾಗಿದ್ದರೆ, ತಿಳಿಯದೆ ಕೊಂಡವರಿಗೆ ಅದರಲ್ಲಿ ಪಾಲು ಕೊಡಿಸಲು ಬಿಎನ್‌ಎಸ್‌ಎಸ್ 499ರಲ್ಲಿ ಅವಕಾಶವಿದೆ. ನ್ಯಾಯಾಲಯ ತಾನಾಗಿ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ಠಾಣೆಯಿಂದ ಸಿ.ಸಿ. ನಂಬರು, ಅಂದರೆ ನ್ಯಾಯಾಲಯದ ಪ್ರಕರಣ ಸಂಖ್ಯೆ, ಪಡೆದು, ತೀರ್ಪಿಗೆ ಮೊದಲೇ ಅರ್ಜಿ ಸಿದ್ಧವಾಗಿಟ್ಟುಕೊಂಡಿರಿ.